ಸಿಟಿ ಕೆರೆಯ ಗೋಡು ಹೊಲಕ್ಕೆ ಹೊಡೆಸೋಣವಾ ಬೇಡವಾ? ರಿಪೋರ್ಟ್ ಬಂದಿದೆ, ತಲೆ ಕೆಟ್ಟಿದೆ

ರಾಗಿಹೊಲ (ಸೋಮವಾರ, ಬೆಳಗ್ಗೆ 7:40)

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸಕೋಟೆ ದಾಟಿದ ಮೇಲೆ ಎರಡೂವರೆ ಎಕರೆ. ಎರಡು ಎಕರೆಯಲ್ಲಿ ರಾಗಿ, ಅವರೆ. ಬೋರ್‌ವೆಲ್ ಪಕ್ಕದ ಅರ್ಧ ಎಕರೆಯಲ್ಲಿ ದಂಟು, ಪಾಲಕ್, ಕೊತ್ತಂಬರಿ. ಬೆಂಗಳೂರಿನ ಅಂಚಿನ ಒಂದು ಕೆರೆಯಲ್ಲಿ ಹೂಳೆತ್ತುತ್ತಿದ್ದಾರೆ. ಯಾವ ಕೆರೆ ಅಂತ ಕೇಳಬೇಡಿ, ಸುಮ್ನೆ ಗಲಾಟೆ. ಎತ್ತಿದ ಹೂಳಿನ ಮಣ್ಣು, ಅದೇ ಗೋಡು, ಪುಕ್ಕಟೆ. ಟ್ರ್ಯಾಕ್ಟರ್ ಬಾಡಿಗೆ ಮಾತ್ರ ನಮ್ಮದು. ಅಪ್ಪ ಎಕರೆಗೆ ಮೂವತ್ತು ಲೋಡು ಹೊಡೆಸಲೇಬೇಕು ಅಂತ ಕೂತಿದ್ದಾರೆ. ಗೋಡು ಬಿದ್ದ ಹೊಲಕ್ಕೆ ಮೂರು ವರ್ಷ ಗೊಬ್ಬರದ ಚಿಂತೆ ಇಲ್ಲ ಅನ್ನುವುದು ಅವರ ಲೆಕ್ಕ.

ಆ ಕೆರೆ ನೊರೆ ಕಾರುವುದನ್ನು ಕಣ್ಣಾರೆ ನೋಡಿರುವ ನನಗೆ ಭಯ. ಮಾದರಿಗೆ ಅಂತ ಒಂದು ಲೋಡು ತರಿಸಿ, ಅದರಿಂದ ಒಂದು ಕೆಜಿ ತೆಗೆದು ಲ್ಯಾಬಿಗೆ ಕೊಟ್ಟೆ. ಪಿಪಿಎಂ ಲೆಕ್ಕದಲ್ಲಿ, ಅಂದರೆ ಕೆಜಿ ಒಣಮಣ್ಣಿಗೆ ಇಷ್ಟು ಮಿಲಿಗ್ರಾಂ ಅಂತ, ಬಂದಿದ್ದು ಹೀಗೆ:

ಕ್ರೋಮಿಯಂ 118, ನಿಕಲ್ 61, ಸೀಸ 54, ಸತು 240, ತಾಮ್ರ 72, ಕ್ಯಾಡ್ಮಿಯಂ 1.9.

ನಮ್ಮ ದೇಶದಲ್ಲಿ ಸಿಟಿ ಕಾಂಪೋಸ್ಟಿಗೆ ಇಟ್ಟಿರುವ ಮಿತಿ ಹುಡುಕಿದೆ. ಕ್ರೋಮಿಯಂ 50, ನಿಕಲ್ 50, ಸೀಸ 100, ಸತು 1000, ತಾಮ್ರ 300, ಕ್ಯಾಡ್ಮಿಯಂ 5. ಅಂದರೆ ಕ್ರೋಮಿಯಂ, ನಿಕಲ್ ಎರಡೂ ಫೇಲ್. ಉಳಿದದ್ದೆಲ್ಲ ಪಾಸ್. ಕ್ರೋಮಿಯಂ ಅಂದರೆ ಕ್ಯಾನ್ಸರ್ ಅಂತ ಎಲ್ಲೋ ಓದಿದ ನೆನಪು. ಗೋಡು ವಾಪಸ್ ಕಳಿಸುವುದು ಹೇಗೆ ಅಂತ ಅಪ್ಪನಿಗೆ ಹೇಳಲಿ?

ನೀಲಿಡಬ್ಬ (ಸೋಮವಾರ, ಬೆಳಗ್ಗೆ 7:52)

ಆರರಲ್ಲಿ ನಾಲ್ಕು ಪಾಸ್. ನನ್ನ ಪಿಯುಸಿಗಿಂತ ಚೆನ್ನಾಗಿದೆ ಗುರು.

ತೂಬುಬಾಯಿ (ಸೋಮವಾರ, ಬೆಳಗ್ಗೆ 9:15)

ನಿಮ್ಮ ತಂದೆಯವರನ್ನು ತಪ್ಪು ತಿಳಿಯಬೇಡಿ. ನಮ್ಮದು ತುಮಕೂರು ಕಡೆ, ತಾತ ನೀರಗಂಟಿ, ಅಂದರೆ ಕೆರೆಯಿಂದ ಗದ್ದೆಗೆ ನೀರು ಬಿಡುವವರು. ಯುಗಾದಿ ಕಳೆದು ಕೆರೆ ಅಂಗಳ ಒಣಗಿದರೆ ಸಾಕು, ಊರಿನ ಗಾಡಿಗಳೆಲ್ಲ ಅಲ್ಲೇ. ಗೋಡನ್ನು ಕೈಗೆ ತೆಗೆದುಕೊಂಡು ಉಂಡೆ ಮಾಡಿ ನೋಡುತ್ತಿದ್ದರು. ಒಡೆದರೆ ಮರಳು ಜಾಸ್ತಿ, ಅದು ಬೇಡ. ಬೆಣ್ಣೆ ಹಾಗೆ ಕೂತರೆ ಏರಿ ಪಕ್ಕದ್ದು, ಅದೇ ಬೇಕು. ಮೂಸಿ ನೋಡುತ್ತಿದ್ದರು. ಒಬ್ಬ ಅಜ್ಜ ನಾಲಿಗೆಗೆ ಹಚ್ಚಿಕೊಂಡು ಚೌಳು ಇದೆಯಾ ಅಂತ ಹೇಳುತ್ತಿದ್ದರು.

ಆದರೆ ಅದು ಮಳೆನೀರು ಕುಡಿದ ಕೆರೆ. ಮೇಲಿನ ಹೊಲದ ಮಣ್ಣು ಕೆಳಗೆ ಬಂದು ಕೂತಿತ್ತು, ಅದನ್ನೇ ವಾಪಸ್ ಹೊತ್ತು ಹಾಕುತ್ತಿದ್ದರು. ನಿಮ್ಮದು ಸಿಟಿಯ ಬಚ್ಚಲು ಕುಡಿದ ಕೆರೆ. ನಾಲಿಗೆಗೆ ಮಾತ್ರ ಹಚ್ಚಿಕೊಳ್ಳಬೇಡಿ.

ಸೀಸದಕಡ್ಡಿ (ಸೋಮವಾರ, ಬೆಳಗ್ಗೆ 11:30)

ಲ್ಯಾಬ್‌ನಲ್ಲಿ ಇದೇ ಕೆಲಸ ಮಾಡಿಕೊಂಡು ಹತ್ತು ವರ್ಷ ಆಯ್ತು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ನೀವು ರಿಪೋರ್ಟನ್ನು ತಲೆಕೆಳಗಾಗಿ ಓದಿದ್ದೀರಿ. ಫೇಲ್ ಆದ ಎರಡರ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಪಾಸ್ ಆದ ಒಂದರ ಬಗ್ಗೆ ಇದೆ.

ಲೋಹ ಅಂದ ಕೂಡಲೇ ಫ್ಯಾಕ್ಟರಿಯಿಂದ ಬಂತು ಅಂತ ಅಲ್ಲ. ಮಣ್ಣು ಹುಟ್ಟಿದ್ದು ಬಂಡೆಯಿಂದ, ಬಂಡೆಯಲ್ಲೇ ಲೋಹ ಇರುತ್ತದೆ. ಭೂಮಿಯ ಮೇಲಿನ ಜೇಡಿಬಂಡೆಗಳ ಸರಾಸರಿ ಅಂತ 1961ರಲ್ಲಿ ಟುರೆಕಿಯನ್ ಮತ್ತು ವೆಡೆಪೋಲ್ ಒಂದು ಪಟ್ಟಿ ಕೊಟ್ಟರು. ಇವತ್ತಿಗೂ ಎಲ್ಲರೂ ಅದನ್ನೇ ಬಳಸುವುದು. ಅದರಲ್ಲಿ ಕ್ರೋಮಿಯಂ 90, ನಿಕಲ್ 68, ಸೀಸ 20, ಸತು 95, ತಾಮ್ರ 45, ಕ್ಯಾಡ್ಮಿಯಂ 0.3.

ಈಗ ನಿಮ್ಮದನ್ನು ಪಕ್ಕದಲ್ಲಿಟ್ಟು ಭಾಗಿಸಿ. ಕ್ರೋಮಿಯಂ 1.3 ಪಟ್ಟು. ನಿಕಲ್ ಒಂದಕ್ಕಿಂತ ಕಡಿಮೆ. ತಾಮ್ರ 1.6. ಸತು 2.5. ಸೀಸ 2.7. ಕ್ಯಾಡ್ಮಿಯಂ 6.3! ಕಾಂಪೋಸ್ಟ್ ಮಿತಿ ಇರುವುದು ಎಲೆ, ತರಕಾರಿ ಸಿಪ್ಪೆ ಕೊಳೆಸಿದ ಗೊಬ್ಬರಕ್ಕೆ. ಅದರಲ್ಲಿ ಬಂಡೆಯ ಪುಡಿ ಕಡಿಮೆ, ಹಾಗಾಗಿ ಕ್ರೋಮಿಯಂ 50 ದಾಟಬಾರದು ಅಂದರೆ ನ್ಯಾಯ. ಮಣ್ಣಿಗೆ ಆ ಅಳತೆಗೋಲು ಹಿಡಿದರೆ ಎಷ್ಟೋ ಒಳ್ಳೆಯ ಹೊಲಗಳೇ ಫೇಲ್ ಆಗುತ್ತವೆ. ಹಾಸನ ಜಿಲ್ಲೆಯ ಬೈರಾಪುರದಲ್ಲಿ ಕ್ರೋಮೈಟ್, ಅಂದರೆ ಕ್ರೋಮಿಯಂ ಅದಿರಿನ ನಿಕ್ಷೇಪವೇ ಇದೆ. ಅಂಥ ಕಡೆಯ ಹೊಲದ ಮಣ್ಣು ಪರೀಕ್ಷೆ ಮಾಡಿದರೆ ನಿಮ್ಮ ಲ್ಯಾಬಿನವರು ಕುರ್ಚಿಯಿಂದ ಬಿದ್ದುಬಿಡುತ್ತಾರೆ.

ಜರ್ಮನಿಯ ಮ್ಯುಲರ್ ಅನ್ನುವವರು 1969ರಲ್ಲಿ ರೈನ್ ನದಿಯ ಹೂಳಿಗೆ ಅಂತ ಒಂದು ಸೂತ್ರ ಮಾಡಿದರು. ಸಿಕ್ಕ ಅಂಕಿಯನ್ನು ಬಂಡೆಯ ಅಂಕಿಯ ಒಂದೂವರೆ ಪಟ್ಟಿನಿಂದ ಭಾಗಿಸಿ, ಎರಡರ ಆಧಾರದ ಲಾಗ್ ತೆಗೆಯುವುದು. ಆ ಒಂದೂವರೆ ಯಾಕೆ ಅಂದರೆ, ಬಂಡೆಯಲ್ಲೇ ಜಾಗದಿಂದ ಜಾಗಕ್ಕೆ ಅಷ್ಟು ಏರುಪೇರು ಇರುತ್ತದೆ. ನಿಮ್ಮ ಕ್ರೋಮಿಯಂ ಸೊನ್ನೆಗಿಂತ ಕೆಳಗೆ ಬರುತ್ತದೆ, ಅಂದರೆ ಮಾಲಿನ್ಯ ಇಲ್ಲ. ಕ್ಯಾಡ್ಮಿಯಂ 2 ದಾಟುತ್ತದೆ. ಅದು ಸಿಟಿಯ ಸಹಿ.

ಇನ್ನೊಂದು ಮಾತು. ಕ್ಯಾನ್ಸರ್ ಅಂತ ಓದಿದ್ದು ಕ್ರೋಮಿಯಂನ ಒಂದು ರೂಪದ ಬಗ್ಗೆ, ಆರು ವೇಲೆನ್ಸಿಯದ್ದು, ಎಲೆಕ್ಟ್ರೋಪ್ಲೇಟಿಂಗ್ ತೊಟ್ಟಿಯ ಹಳದಿ ನೀರಿನದ್ದು. ಕೆರೆಯ ಕೊಳೆತ ಹೂಳಿನಲ್ಲಿ ಅದು ಬೇಗ ಅಷ್ಟು ವಿಷವಲ್ಲದ ಮೂರು ವೇಲೆನ್ಸಿಯ ರೂಪಕ್ಕೆ ಇಳಿದು ಮಣ್ಣಿಗೆ ಅಂಟಿಕೊಂಡುಬಿಡುತ್ತದೆ. ಹಾಗಂತ ಪ್ಲೇಟಿಂಗ್ ಕೊಳಚೆ ನೇರ ಬೀಳುವ ಕೆರೆಗೆ ಈ ಮಾತು ಹಚ್ಚಬೇಡಿ.

ರಾಗಿಹೊಲ (ಸೋಮವಾರ, ಮಧ್ಯಾಹ್ನ 1:05)

ಮೇಡಂ, ಊಟ ಮಾಡುತ್ತಾ ಓದಿದೆ, ಅನ್ನ ತಣ್ಣಗಾಯಿತು. ಕ್ಯಾಡ್ಮಿಯಂ ಎಲ್ಲಿಂದ ಬರುತ್ತದೆ? ನಮ್ಮ ಮನೆಯಲ್ಲಂತೂ ಯಾರೂ ಕ್ಯಾಡ್ಮಿಯಂ ಚೆಲ್ಲುವುದಿಲ್ಲ.

ಸೀಸದಕಡ್ಡಿ (ಸೋಮವಾರ, ಮಧ್ಯಾಹ್ನ 1:40)

ಹಳೆಯ ರೀಚಾರ್ಜ್ ಬ್ಯಾಟರಿ, ಲೋಹಕ್ಕೆ ಕೊಡುವ ಲೇಪನ, ಹಳದಿ ಕೆಂಪು ಬಣ್ಣಗಳು, ಕೆಲವು ಪ್ಲಾಸ್ಟಿಕ್. ಸತುವಿನ ಜೊತೆ ಬೆರಕೆಯಾಗಿಯೂ ಬರುತ್ತದೆ. ಫಾಸ್ಫೇಟ್ ಗೊಬ್ಬರದಲ್ಲೂ ಸ್ವಲ್ಪ ಇರುತ್ತದೆ, ಅದು ಅಪ್ಪನಿಗೆ ಗೊತ್ತಾದರೆ ನಿಮ್ಮ ಮೇಲೇ ತಿರುಗಿಸುತ್ತಾರೆ.

ಮಣ್ಣಿನಕಾರ್ಡು (ಸೋಮವಾರ, ಸಂಜೆ 4:20)

ಸತು 240 ಅಂತ ಬರೆದಿದ್ದೀರಿ, ಟೈಪ್ ತಪ್ಪಾಗಿರಬೇಕು. ನನ್ನ ಸಾಯಿಲ್ ಹೆಲ್ತ್ ಕಾರ್ಡಿನಲ್ಲಿ ಸತು 0.5, ಕೊರತೆ ಇದೆ, ಜಿಂಕ್ ಸಲ್ಫೇಟ್ ಹಾಕಿ ಅಂತ ಬರೆದಿದೆ. ಇಬ್ಬರಲ್ಲಿ ಒಬ್ಬರ ಲ್ಯಾಬ್ ಸುಳ್ಳು.

ಸೀಸದಕಡ್ಡಿ (ಸೋಮವಾರ, ಸಂಜೆ 5:10)

ಎರಡೂ ನಿಜ ಸಾರ್. ಕಾರ್ಡಿನ ಲ್ಯಾಬಿನವರು ಡಿಟಿಪಿಎ ಅನ್ನುವ ಮೆದು ದ್ರಾವಣದಲ್ಲಿ ಮಣ್ಣು ಅಲ್ಲಾಡಿಸಿ, ಬೇರಿಗೆ ಸಿಗುವಷ್ಟು ಸತುವನ್ನು ಮಾತ್ರ ಅಳೆಯುತ್ತಾರೆ. ಇವರ ಲ್ಯಾಬಿನವರು ನೈಟ್ರಿಕ್, ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ ಕುದಿಸಿ, ಹೆಚ್ಚುಕಡಿಮೆ ಇದ್ದಬದ್ದದ್ದೆಲ್ಲ ಕರಗಿಸಿ ಅಳೆದಿದ್ದಾರೆ. ಒಂದು ಜೇಬಿನಲ್ಲಿರುವ ಚಿಲ್ಲರೆ, ಇನ್ನೊಂದು ಮನೆ ಆಸ್ತಿ. ಕಾರ್ಡಿನಲ್ಲಿ ಹನ್ನೆರಡು ಅಂಶ ಬರುತ್ತವೆ. ಸೀಸ, ಕ್ಯಾಡ್ಮಿಯಂ ಅದರಲ್ಲಿಲ್ಲ. ಕಾರ್ಡ್ ಚೆನ್ನಾಗಿದೆ ಅಂದರೆ ಮಣ್ಣಿನಲ್ಲಿ ವಿಷ ಇಲ್ಲ ಅಂತ ಅರ್ಥ ಅಲ್ಲ, ಆ ಪ್ರಶ್ನೆಯನ್ನು ಅದಕ್ಕೆ ಯಾರೂ ಕೇಳಿಲ್ಲ ಅಷ್ಟೇ.

ಗಟ್ಟಿಮಾತು (ಸೋಮವಾರ, ರಾತ್ರಿ 8:30)

ಇದೆಲ್ಲ ಗೊಬ್ಬರ ಕಂಪನಿಗಳ ಹುನ್ನಾರ. ತಾತ ಮುತ್ತಾತ ಗೋಡು ಹೊಡೆದು ಉಂಡರು, ನೂರು ವರ್ಷ ಬಾಳಿದರು.

ತೂಬುಬಾಯಿ (ಸೋಮವಾರ, ರಾತ್ರಿ 8:41)

ನಮ್ಮ ತಾತನೂ ಉಂಡರು ಸ್ವಾಮಿ. ಅವರ ಕೆರೆಗೆ ಹನ್ನೆರಡು ಅಂತಸ್ತಿನ ಅಪಾರ್ಟ್‌ಮೆಂಟ್ ಇರಲಿಲ್ಲ.

ಡ್ಯಾಂಪಕ್ಕದವ (ಮಂಗಳವಾರ, ಬೆಳಗ್ಗೆ 6:50)

ಹೊಸಪೇಟೆಯಿಂದ ನಮಸ್ಕಾರ್ರೀ. ನನ್ನ ಪ್ರಶ್ನೆ ಬೇರೆ. ಆ ಕೆರೆಯಲ್ಲಿ ಹೂಳು ಎಷ್ಟು ವೇಗವಾಗಿ ತುಂಬಿದೆ ಅಂತ ಯಾರಾದರೂ ನೋಡಿದ್ದಾರಾ? ನಮಗೆ ಹೂಳು ಅಂದರೆ ಮನೆ ಮಾತು. ತುಂಗಭದ್ರಾ ಜಲಾಶಯ 1953ರಲ್ಲಿ ತುಂಬಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಈಗ ಲೆಕ್ಕದಲ್ಲಿರುವುದು 105.788. ಇಪ್ಪತ್ತೇಳು ಟಿಎಂಸಿ ಜಾಗಕ್ಕೆ ಮಣ್ಣು ಬಂದು ಕೂತಿದೆ.

ಒಂದು ಟಿಎಂಸಿ ಅಂದರೆ 2.83 ಕೋಟಿ ಘನ ಮೀಟರ್. ಇಪ್ಪತ್ತೇಳಕ್ಕೆ ಸುಮಾರು 77 ಕೋಟಿ. ಜಲಾಶಯದ ಹರವು 378 ಚದರ ಕಿಲೋಮೀಟರ್. ಸಮನಾಗಿ ಹರಡಿದರೆ ಎರಡು ಮೀಟರ್ ದಪ್ಪ. ಈಗಿನ ಅಂಕಿ ಬಂದದ್ದು 2016ರ ಸರ್ವೆಯಿಂದ, ಹಾಗಾಗಿ 63 ವರ್ಷದಿಂದ ಭಾಗಿಸಿ. ವರ್ಷಕ್ಕೆ ಮೂರು ಸೆಂಟಿಮೀಟರ್ ಚಿಲ್ಲರೆ. ಸಮನಾಗಿ ಹರಡುವುದಿಲ್ಲ ಅನ್ನುವುದು ಬೇರೆ ಮಾತು, ನದಿ ಬಂದು ಸೇರುವ ಕಡೆ ದಿಬ್ಬ, ಗೋಡೆ ಹತ್ತಿರ ತೆಳುವು.

ನನ್ನ ಅನುಮಾನ ಏನಂದರೆ, ಹೂಳು ಜಾಸ್ತಿ ಬಂದರೆ ಲೋಹ ತೆಳುವಾಗುತ್ತದೆ ಅಲ್ವಾ? ಸಾರಿಗೆ ನೀರು ಸುರಿದ ಹಾಗೆ. ಅಂಥ ಕಡೆ ಪಿಪಿಎಂ ಕಡಿಮೆ ಬಂದರೂ ಒಟ್ಟು ಲೋಹ ಜಾಸ್ತಿಯೇ ಬಂದು ಬಿದ್ದಿರಬಹುದು.

ಸೀಸದಕಡ್ಡಿ (ಮಂಗಳವಾರ, ಬೆಳಗ್ಗೆ 10:20)

ಈ ಚರ್ಚೆಯಲ್ಲೇ ಒಳ್ಳೆಯ ಪ್ರಶ್ನೆ ಇದು. ಹೌದು, ಪಿಪಿಎಂ ಒಂದನ್ನೇ ನೋಡಿದರೆ ಮೋಸ ಹೋಗುತ್ತೇವೆ. ಎರಡು ಕೆರೆಗಳಲ್ಲೂ ಸೀಸ 50 ಪಿಪಿಎಂ ಇದೆ ಅಂದುಕೊಳ್ಳಿ. ಒಂದರಲ್ಲಿ ವರ್ಷಕ್ಕೆ ಮೂರು ಮಿಲಿಮೀಟರ್ ಹೂಳು, ಇನ್ನೊಂದರಲ್ಲಿ ಮೂರು ಸೆಂಟಿಮೀಟರ್. ಎರಡನೆಯದಕ್ಕೆ ಹೆಚ್ಚುಕಡಿಮೆ ಹತ್ತು ಪಟ್ಟು ಸೀಸ ಬೀಳುತ್ತಿದೆ.

ಸೆಂಟಿಮೀಟರ್ ಲೆಕ್ಕವನ್ನೂ ಪೂರ್ತಿ ನಂಬಬೇಡಿ. ಮೇಲಿನ ಹೂಳು ರಾತ್ರಿ ಉಬ್ಬಿದ ದೋಸೆ ಹಿಟ್ಟಿನ ಹಾಗೆ, ಮುಕ್ಕಾಲು ಪಾಲು ನೀರು. ಕೆಳಗಿನದು ಮೇಲಿನ ಭಾರಕ್ಕೆ ಅಮುಕಿ ಹೋಗಿರುತ್ತದೆ. ಅದಕ್ಕೇ ಒಣಗಿಸಿ ತೂಕ ಹಾಕಿ, ಚದರ ಸೆಂಟಿಮೀಟರಿಗೆ ವರ್ಷಕ್ಕೆ ಇಷ್ಟು ಗ್ರಾಂ ಅಂತ ಹೇಳುವುದು.

ಹೂಳಿನ ಯಾವ ಪದರಕ್ಕೆ ಎಷ್ಟು ವಯಸ್ಸು ಅಂತ ಹೇಗೆ ತಿಳಿಯುವುದು? ಬಂಡೆಯಲ್ಲಿರುವ ಯುರೇನಿಯಂ ಒಡೆಯುತ್ತಾ ರೇಡಾನ್ ಅನಿಲ ಆಗುತ್ತದೆ. ಅದು ನೆಲದಿಂದ ಗಾಳಿಗೆ ಹೋಗಿ, ಅಲ್ಲಿ ಸೀಸ-210 ಅನ್ನುವ, ವಿಕಿರಣ ಸೂಸುವ ಸೀಸ ಆಗಿ, ಮಳೆ ಧೂಳಿನ ಜೊತೆ ಮತ್ತೆ ಕೆರೆಗೆ ಬೀಳುತ್ತದೆ. ಇದಕ್ಕೂ ಪೆಟ್ರೋಲ್ ಸೀಸಕ್ಕೂ ಸಂಬಂಧ ಇಲ್ಲ. ಸುಮಾರು 22 ವರ್ಷಕ್ಕೆ ಅರ್ಧ ಆಗುತ್ತದೆ. ಮೇಲಿನ ಪದರದಲ್ಲಿ ಎಷ್ಟಿದೆ, ಕೆಳಗೆ ಎಷ್ಟು ಉಳಿದಿದೆ ಅಂತ ನೋಡಿದರೆ ಸುಮಾರು ನೂರು ವರ್ಷದವರೆಗೆ ಹಿಂದಕ್ಕೆ ಎಣಿಸಬಹುದು. ಹೂಳಿನ ಮಣ್ಣಿನಲ್ಲೇ ಹುಟ್ಟುವ ಸೀಸ-210 ಕೂಡ ಇರುತ್ತದೆ, ಅದನ್ನು ಕಳೆದು ಲೆಕ್ಕ ಹಾಕಬೇಕು.

ತಾಳೆ ನೋಡಲು ಸೀಸಿಯಂ-137. ಅಣುಬಾಂಬ್ ಪರೀಕ್ಷೆಗಳ ಬೂದಿ ಅದು, 1963ರ ಸುಮಾರಿಗೆ ತುತ್ತತುದಿ. ಆ ವರ್ಷವೇ ಗಾಳಿಯಲ್ಲಿ ಬಾಂಬ್ ಸಿಡಿಸಬಾರದು ಅಂತ ಒಪ್ಪಂದ ಆಯಿತು. ಯಾವ ಪದರದಲ್ಲಿ ಸೀಸಿಯಂ ಎಲ್ಲಕ್ಕಿಂತ ಹೆಚ್ಚಿದೆಯೋ ಅದೇ ಸುಮಾರು 1963. ಅದು 30 ವರ್ಷಕ್ಕೆ ಅರ್ಧ ಆಗುವುದರಿಂದ ಈಗ ಕಾಲು ಭಾಗ ಉಳಿದಿದೆ. ನಮ್ಮ ಕಡೆ ಮೊದಲೇ ಕಡಿಮೆ ಬಿದ್ದದ್ದು, ಹಾಗಾಗಿ ಹುಡುಕುವುದು ಕಷ್ಟ.

ನೀಲಿಡಬ್ಬ (ಮಂಗಳವಾರ, ಬೆಳಗ್ಗೆ 10:33)

ಸೀಸ, ಸೀಸ-210, ಸೀಸಿಯಂ, ಮೇಲಿಂದ ಹೇಳುವವರ ಹೆಸರು ಸೀಸದಕಡ್ಡಿ. ಬಾಟಲಿಗೂ ನಮ್ಮೂರಲ್ಲಿ ಸೀಸ ಅಂತಲೇ ಅನ್ನುವುದು. ನಾನು ಆ ಸೀಸದ ಕಡೆ ಹೋಗುತ್ತೇನೆ.

ತೂಬುಬಾಯಿ (ಮಂಗಳವಾರ, ಮಧ್ಯಾಹ್ನ 12:10)

ಒಂದು ಸಣ್ಣ ತಕರಾರು ತಾಯಿ. ನಮ್ಮ ಕೆರೆಗಳಲ್ಲಿ ಪ್ರತಿ ಬೇಸಿಗೆ ಗೋಡು ತೆಗೆಯುತ್ತಿದ್ದರು. ಒಣಗಿದಾಗ ಅಂಗಳ ಅಂಗೈ ಅಗಲ ಬಿರುಕು ಬಿಡುತ್ತದೆ, ಮೇಲಿನ ಮಣ್ಣು ಬಿರುಕಿಗೆ ಬೀಳುತ್ತದೆ. ಎಮ್ಮೆ ತುಳಿಯುತ್ತವೆ. ಪದರ ಎಲ್ಲಿ ಉಳಿಯಿತು ನೀವು ಎಣಿಸಲು?

ಸೀಸದಕಡ್ಡಿ (ಮಂಗಳವಾರ, ಮಧ್ಯಾಹ್ನ 12:45)

ಒಪ್ಪಿದೆ. ಗೋಡು ಹೊಡೆಯುವ ಊರಿನ ಕೆರೆಯಲ್ಲಿ ಈ ಆಟ ನಡೆಯುವುದಿಲ್ಲ. ತಮಾಷೆ ಅಂದರೆ, ಕೆರೆಯನ್ನು ಚೆನ್ನಾಗಿ ನೋಡಿಕೊಂಡ ಕಡೆ ಅದರ ಚರಿತ್ರೆ ಸಿಗುವುದಿಲ್ಲ. ಬೇಸಾಯ ನಿಂತು, ವರ್ಷವಿಡೀ ಚರಂಡಿ ನೀರು ನಿಂತು, ಯಾರೂ ಮುಟ್ಟದ ಕೆರೆಯಲ್ಲೇ ಪದರ ನೀಟಾಗಿ ಕೂತಿರುತ್ತದೆ. ಸಿಟಿ ಕೆರೆಗಳು ಆ ಜಾತಿ.

ಕಡಲಕರೆ (ಮಂಗಳವಾರ, ಸಂಜೆ 6:15)

ಮಂಗಳೂರಿನಿಂದ ಒಂದು ಮಾತು. ನೇತ್ರಾವತಿ, ಗುರುಪುರ ಎರಡೂ ಬಂದು ಅಳಿವೆಬಾಗಿಲಲ್ಲಿ ಸೇರುತ್ತವೆ ಅಲ್ವಾ, ಅಲ್ಲಿ ಹೂಳಿನ ಕತೆಯೇ ಬೇರೆ ಮಾರಾಯ್ರೆ. ಸಿಹಿನೀರಿನಲ್ಲಿ ತೇಲಿಕೊಂಡು ಬರುವ ಜೇಡಿಯ ಕಣಗಳು ಒಂದನ್ನೊಂದು ದೂಡುತ್ತಾ ಬರುತ್ತವೆ. ಉಪ್ಪು ತಾಗಿದ ಕೂಡಲೇ, ಹಾಲಿಗೆ ಲಿಂಬೆಹುಳಿ ಹಿಂಡಿದ ಹಾಗೆ, ಗಂಟು ಗಂಟಾಗಿ ತಳಕ್ಕೆ ಇಳಿಯುತ್ತವೆ. ಅಂಟಿಕೊಂಡ ಲೋಹವೂ ಜೊತೆಗೆ. ಹೊಳೆ ಇಡೀ ಊರಿನಿಂದ ಹೊತ್ತು ತಂದದ್ದು ಕೊನೆಯ ನಾಲ್ಕು ಮೈಲಿಯಲ್ಲಿ ಕೂರುವುದು.

ಕ್ಯಾಡ್ಮಿಯಂ ಮಾತ್ರ ತಿರುಗುಬಾಣ. ಉಪ್ಪಿನ ಕ್ಲೋರೈಡ್ ಅದನ್ನು ಜೇಡಿಯಿಂದ ಕಿತ್ತು ನೀರಿಗೆ ಎಳೆಯುತ್ತದೆ. ಹಾಗಾಗಿ ಅಳಿವೆಯ ಕೆಸರಿನಲ್ಲಿ ಕ್ಯಾಡ್ಮಿಯಂ ಕಡಿಮೆ ಬಂತು ಅಂತ ಖುಷಿಪಡುವ ಹಾಗಿಲ್ಲ, ಅದು ಮರುವಾಯಿ ಹೊಟ್ಟೆಗೆ ಹೋಗಿರಬಹುದು. ಮರುವಾಯಿ ಅಂದರೆ ಚಿಪ್ಪಿಕಲ್ಲು, ಘಟ್ಟದ ಮೇಲಿನವರಿಗೆ ಹೇಳಿದೆ. ಅದು ದಿನವಿಡೀ ನೀರು ಸೋಸಿ ತಿನ್ನುವ ಪ್ರಾಣಿ.

ಇಲ್ಲಿ ವರ್ಷಕ್ಕೆ ಇಷ್ಟು ಅಂತ ಹೇಳುವುದೂ ಕಷ್ಟ. ಆಟಿ ತಿಂಗಳ ಮಳೆಗೆ ಒಂದು ನೆರೆ ಬಂದರೆ ಒಂದೇ ವಾರದಲ್ಲಿ ಹತ್ತು ವರ್ಷದ ಕೆಸರು ಕೊಚ್ಚಿಕೊಂಡು ಹೋಗಬಹುದು, ಇಲ್ಲಾ ಬಂದು ಬೀಳಬಹುದು. ಕಾಂಡ್ಲಾ ಕಾಡಿನ, ಅಂದರೆ ಮ್ಯಾಂಗ್ರೋವ್ ಗಿಡಗಳ ಒಳಗೆ, ಬೇರುಗಳ ನಡುವೆ ಮಾತ್ರ ಸ್ವಲ್ಪ ನೆಮ್ಮದಿಯಾಗಿ ಪದರ ಕೂರುತ್ತದೆ.

ಹೂಳೆತ್ತುವುದೇ ಪರಿಹಾರ ಅಂತ ಹೇಳುವವರಿಗೆ ಮಿನಮಾಟ ನೆನಪಿಸುತ್ತೇನೆ. ಜಪಾನಿನ ಆ ಕೊಲ್ಲಿಗೆ ಚಿಸ್ಸೊ ಕಂಪನಿ 1932ರಿಂದ 1968ರವರೆಗೆ ಪಾದರಸ ಬಿಟ್ಟಿತು. ರೋಗ ಅಂತ ಅಧಿಕೃತವಾಗಿ ಗೊತ್ತಾಗಿದ್ದು 1956ರಲ್ಲಿ. ಕೆಸರು ಕದಡಿದರೆ ಮತ್ತೆ ಮೀನಿಗೆ ಸೇರುತ್ತದೆ ಅಂತ, ಕೆಜಿಗೆ 25 ಮಿಲಿಗ್ರಾಂ ದಾಟಿದ ಕೆಸರನ್ನು ಜಾಗ್ರತೆಯಿಂದ ಎತ್ತಿ, ಗೋಡೆ ಕಟ್ಟಿ, ಅದರೊಳಗೆ ತುಂಬಿ ಮುಚ್ಚಿದರು. 1977ಕ್ಕೆ ಶುರುವಾದ ಕೆಲಸ ಮುಗಿದಾಗ 1990. ನಮ್ಮಲ್ಲಿ ಹಿಟಾಚಿ ಇಳಿಸಿ ಟಿಪ್ಪರ್ ತುಂಬಿಸಿದರೆ ಮುಗಿಯಿತು.

ಡ್ಯಾಂಪಕ್ಕದವ (ಮಂಗಳವಾರ, ರಾತ್ರಿ 9:00)

ಕುದುರೆಮುಖದ ಗಣಿ ಹೂಳೂ ನಿಮ್ಮ ಹೊಳೆಗೇ ಬಂದಿರಬೇಕಲ್ಲ?

ಕಡಲಕರೆ (ಮಂಗಳವಾರ, ರಾತ್ರಿ 9:20)

ಎಲ್ಲರೂ ಹಾಗೆ ತಿಳಿಯುತ್ತಾರೆ. ಗಣಿ ಇದ್ದದ್ದು ಭದ್ರಾ ಬದಿ. ಭದ್ರಾ ಪೂರ್ವಕ್ಕೆ ಹೋಗಿ ತುಂಗೆಯನ್ನು ಸೇರುವವಳು, ಅಂದರೆ ಹೂಳು ಬಂದದ್ದು ನಿಮ್ಮ ಕಡೆಗೆ! ನಮ್ಮ ಕಡೆ ಬಂದದ್ದು ಅದಿರು, ಅದೂ ಕೊಳವೆಯಲ್ಲಿ, ನೀರಿನ ಜೊತೆ ಕಲಸಿ ಪಣಂಬೂರಿಗೆ. 2005ರ ಕೊನೆಗೆ ಗಣಿ ನಿಂತಿತು. ಕಬ್ಬಿಣ ನೋಡಲು ಕೆಂಪು, ಹೆದರಿಸುತ್ತದೆ. ವಿಷದ ಲೆಕ್ಕದಲ್ಲಿ ಕಣ್ಣಿಗೆ ಕಾಣದ್ದೇ ಹೆಚ್ಚು ಕಿತಾಪತಿ.

ರಾಗಿಹೊಲ (ಗುರುವಾರ, ಸಂಜೆ 7:30)

ಎರಡು ದಿನ ಕಾಣಲಿಲ್ಲ, ಕ್ಷಮಿಸಿ. ನಿಮ್ಮ ಮಾತು ಓದಿದ ಮೇಲೆ, ರಾಶಿಯಿಂದ ಒಂದು ಕೆಜಿ ಎತ್ತಿದ್ದು ಎಂಥ ಪೆದ್ದು ಕೆಲಸ ಅಂತ ಗೊತ್ತಾಯಿತು. ಹಿಟಾಚಿ ಮೇಲಿಂದ ಕೆಳಗಿನವರೆಗೆ ಒಂದೇ ಬಕೆಟ್‌ನಲ್ಲಿ ಬಾಚುತ್ತದೆ. ಮೇಲೋಗರ, ಅನ್ನ, ಪಾಯಸ ಎಲ್ಲ ಕಲಸಿ ರುಚಿ ನೋಡಿದ ಹಾಗೆ.

ಇವತ್ತು ಅಪ್ಪನನ್ನೂ ಕರೆದುಕೊಂಡು ಕೆರೆಗೆ ಹೋದೆ. ಏರಿಯಿಂದ ನೂರು ಹೆಜ್ಜೆ ಒಳಗೆ ಹಿಟಾಚಿ ಕಡಿದ ಗುಂಡಿಯ ಗೋಡೆ ನೆಟ್ಟಗೆ ನಿಂತಿದೆ. ಇಳಿದು ಸಲಿಕೆಯಲ್ಲಿ ಹೆರೆದು ನೋಡಿದೆವು. ಮೇಲಿಂದ ಎರಡು ಅಡಿ ಕಾಡಿಗೆ ಕಪ್ಪು, ಕೊಳೆತ ಮೊಟ್ಟೆ ವಾಸನೆ, ಕೂದಲು, ಶಾಂಪೂ ಸ್ಯಾಶೆ, ಗಣೇಶನ ಒಂದು ಕೈ, ಬಣ್ಣ ಇನ್ನೂ ಹೋಗಿಲ್ಲ. ಅದರ ಕೆಳಗೆ ಒಂದೂವರೆ ಅಡಿ ಬೂದು. ಆಮೇಲೆ ಗೆರೆ ಎಳೆದ ಹಾಗೆ ಬದಲಾಗುತ್ತದೆ. ತಿಳಿ ಹಳದಿ ಜೇಡಿ, ಸಣ್ಣ ಸಣ್ಣ ಬಸವನಹುಳುವಿನ ಚಿಪ್ಪು, ಜೊಂಡಿನ ಒಣ ಬೇರು. ಒಂದೇ ಒಂದು ಪ್ಲಾಸ್ಟಿಕ್ ಇಲ್ಲ.

ಅಪ್ಪ ಆ ಹಳದಿ ಜೇಡಿಯನ್ನು ತೆಗೆದು ಉಂಡೆ ಮಾಡಿದರು. ಏನೂ ಮಾತಾಡಲಿಲ್ಲ. ಕರ್ಚೀಫಿನಲ್ಲಿ ಕಟ್ಟಿಕೊಂಡರು.

ಡ್ಯಾಂ ಅಣ್ಣನಿಗೆ ಒಂದು ಉಡುಗೊರೆ: ಮೇಲಿಂದ ಎರಡು ಅಡಿ ನಾಲ್ಕು ಇಂಚು ಕೆಳಗೆ ಒಂದು ಗುಟ್ಕಾ ಪ್ಯಾಕೆಟ್ ಸಿಕ್ಕಿತು. ತೊಳೆದು ನೋಡಿದರೆ ತಯಾರಾದ ವರ್ಷ 2006. ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಗಿದ್ದೇ 2013ರಲ್ಲಿ, ಅಂದರೆ ಹೊಂದುತ್ತದೆ. ಸುಮಾರು 70 ಸೆಂಟಿಮೀಟರ್ ಹೂಳು 2006ರ ಈಚೆಗೆ ಬಂದದ್ದು ಅಂತಾಯಿತು. ವರ್ಷಕ್ಕೆ ಮೂರೂವರೆ ಸೆಂಟಿಮೀಟರ್ ಅಂದುಕೊಳ್ಳಬಹುದಾ? ನಿಮ್ಮ ಜಲಾಶಯದ ಸಮಕ್ಕೆ ನಿಂತಿತು ನಮ್ಮ ಕೆರೆ.

ಮೂರು ಪದರದಿಂದ ಮೂರು ಮಾದರಿ ತೆಗೆದಿದ್ದೇನೆ. ಮನೆಯ ಜಿಂಕ್ ಬಕೆಟ್‌ನಲ್ಲಿ ಹಾಕಿಡಬಹುದಾ?

ಸೀಸದಕಡ್ಡಿ (ಗುರುವಾರ, ಸಂಜೆ 7:44)

ಬೇಡ ಬೇಡ! ಸತುವಿನ ಲೆಕ್ಕ ಅಲ್ಲಿಗೆ ಮುಗಿಯಿತು. ಹೊಸ ಪ್ಲಾಸ್ಟಿಕ್ ಕವರ್, ಪ್ಲಾಸ್ಟಿಕ್ ಚಮಚ. ಸಲಿಕೆ ತಾಗಿದ ಮುಖವನ್ನು ಚಮಚದಲ್ಲಿ ಕೆರೆದು ಬಿಸಾಡಿ, ಒಳಗಿನದ್ದನ್ನು ಮಾತ್ರ ಕೊಡಿ. ಲ್ಯಾಬಿನವರಿಗೆ ಮೂರು ಮಾತು ಹೇಳಿ: 63 ಮೈಕ್ರಾನ್ ಜರಡಿ ಹಿಡಿಯಿರಿ, ಒಣತೂಕದ ಲೆಕ್ಕ ಕೊಡಿ, ಅಲ್ಯೂಮಿನಿಯಂ ಕೂಡ ಅಳೆಯಿರಿ.

ಅಲ್ಯೂಮಿನಿಯಂ ಯಾಕೆ ಅಂತ ಕೇಳುತ್ತಾರೆ. ಮರಳು ಲೋಹ ಹಿಡಿಯುವುದಿಲ್ಲ, ಜೇಡಿ ಹಿಡಿಯುತ್ತದೆ. ಜೇಡಿ ಎಷ್ಟಿದೆ ಅನ್ನುವುದನ್ನು ಅಲ್ಯೂಮಿನಿಯಂ ಹೇಳುತ್ತದೆ. ತಿಂಗಳಿಗೆ ಐವತ್ತು ಕೆಜಿ ಅಕ್ಕಿ ಖರ್ಚಾಗುವ ಮನೆಯಲ್ಲಿ ಹೊಟ್ಟೆಬಾಕರಿದ್ದಾರೋ, ಜನವೇ ಜಾಸ್ತಿ ಇದ್ದಾರೋ ಅಂತ ತಿಳಿಯಲು ತಲೆ ಎಣಿಸಬೇಕಲ್ಲ, ಹಾಗೆ.

ಪ್ಯಾಕೆಟ್ ಬಗ್ಗೆ: 2006ರ ಪ್ಯಾಕೆಟ್ 2006ರಲ್ಲೇ ಬಿತ್ತು ಅಂತ ಇಲ್ಲ, 2010ರಲ್ಲೂ ಬಿದ್ದಿರಬಹುದು. ಹಾಗಾಗಿ ನಿಮ್ಮದು ಕನಿಷ್ಠ ವೇಗ. ಯಾರೂ ಅಲ್ಲಿ ಅಗೆದಿಲ್ಲ ಅನ್ನುವ ಷರತ್ತಿನ ಮೇಲೆ.

ತೂಬುಬಾಯಿ (ಗುರುವಾರ, ರಾತ್ರಿ 8:50)

ಕಪ್ಪು ಗೋಡನ್ನು ರಾತ್ರಿ ಹೊರಗೆ ಹರಡಿ ಬೆಳಗ್ಗೆ ನೋಡಿ. ಮೇಲ್ಮೈ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಬೆರಳಲ್ಲಿ ಕೆದಕಿದರೆ ಒಳಗೆ ಇನ್ನೂ ಕಪ್ಪು. ವಾಸನೆಯೂ ಹೋಗಿರುತ್ತದೆ. ನಮ್ಮವರು ಗೋಡು ಬಿಸಿಲು ಕುಡಿದು ಶುದ್ಧ ಆಯಿತು ಅನ್ನುತ್ತಿದ್ದರು.

ಸೀಸದಕಡ್ಡಿ (ಗುರುವಾರ, ರಾತ್ರಿ 9:25)

ಊರಿನ ಗೋಡಿಗೆ ಸರಿ. ಸಿಟಿ ಗೋಡಿಗೆ ಅದೇ ಅಪಾಯದ ಗಳಿಗೆ. ಗಾಳಿ ಇಲ್ಲದ ತಳದಲ್ಲಿ ಕ್ಯಾಡ್ಮಿಯಂ, ಸತು, ತಾಮ್ರ ಎಲ್ಲ ಗಂಧಕದ ಜೊತೆ ಕಟ್ಟಿಕೊಂಡು ಬಿಗಿಯಾಗಿ ಕೂತಿರುತ್ತವೆ. ಆ ಕಪ್ಪು ಬಣ್ಣವೇ ಕಬ್ಬಿಣದ ಸಲ್ಫೈಡ್. ಗಾಳಿಗೆ ಬಿದ್ದ ಮೇಲೆ ಸಲ್ಫೈಡ್ ಸಲ್ಫೇಟ್ ಆಗುತ್ತದೆ, ಸ್ವಲ್ಪ ಆಮ್ಲ ಹುಟ್ಟುತ್ತದೆ, ಲೋಹದ ಕಟ್ಟು ಬಿಚ್ಚುತ್ತದೆ. ಮೊದಲ ಮಳೆಗೆ ರಾಶಿಯ ಬುಡದಿಂದ ಹರಿಯುವ ನೀರನ್ನು ಬಾವಿ, ಬೋರ್ ಕಡೆಗೆ ಬಿಡಬೇಡಿ. ಸುಣ್ಣ ಇರುವ ಮಣ್ಣಿನಲ್ಲಿ ಲೋಹ ಮತ್ತೆ ಬೇಗ ಕೂರುತ್ತದೆ. ಕರಾವಳಿಯ ಹುಳಿ ಮಣ್ಣಿನಲ್ಲಿ ಅಷ್ಟು ಬೇಗ ಕೂರುವುದಿಲ್ಲ.

ಡ್ಯಾಂಪಕ್ಕದವ (ಶುಕ್ರವಾರ, ಬೆಳಗ್ಗೆ 7:10)

ರಿಪೋರ್ಟ್ ಬರುವವರೆಗೆ ಕೂತು ಲೆಕ್ಕ ಹಾಕಿದೆ. ಮೂವತ್ತು ಲೋಡು, ಲೋಡಿಗೆ ಮೂರು ಘನ ಮೀಟರ್. ತೊಂಬತ್ತು ಘನ ಮೀಟರ್, ಒಣಗಿದ ಮೇಲೆ ನೂರು ಟನ್ ಹಿಡಿಯಿರಿ. ಒಂದು ಎಕರೆಯಲ್ಲಿ ನೇಗಿಲು ಹೋಗುವ ಆರು ಇಂಚು ಮಣ್ಣಿನ ತೂಕ ಸುಮಾರು 900 ಟನ್. ಅಂದರೆ ಹತ್ತರಲ್ಲಿ ಒಂದು ಪಾಲು ಗೋಡು.

ಹೊಲದ ಸೀಸ 20 ಇದ್ದರೆ, 54ರ ಗೋಡು ಬೆರೆತ ಮೇಲೆ 23.4. ಏನೂ ಆಗಲಿಲ್ಲ. ಕ್ಯಾಡ್ಮಿಯಂ 0.2 ಇದ್ದದ್ದು 0.37. ಒಂದೇ ಸಲಕ್ಕೆ ಹೆಚ್ಚುಕಡಿಮೆ ಎರಡರಷ್ಟು! ಯುರೋಪಿನವರು ಚರಂಡಿ ಹೂಳು ಹಾಕುವ ಹೊಲಕ್ಕೆ 1ರಿಂದ 3ರ ಮಿತಿ ಇಟ್ಟಿದ್ದಾರೆ, ಅಲ್ಲಿಗೆ ಇನ್ನೂ ದೂರ ಇದೆ. ಆದರೆ ಇದು ಯೂರಿಯಾ ಅಲ್ಲ, ಮುಂದಿನ ವರ್ಷ ಕರಗಿ ಹೋಗಲು. ಪ್ರತಿ ಮೂರು ವರ್ಷಕ್ಕೆ ಹೊಡೆಸುತ್ತಾ ಹೋದರೆ ಮೊಮ್ಮಕ್ಕಳ ಕಾಲಕ್ಕೆ ಎಲ್ಲಿ ನಿಲ್ಲುತ್ತದೆ ನೋಡಿಕೊಳ್ರೀ.

ಸೀಸದಕಡ್ಡಿ (ಶುಕ್ರವಾರ, ಬೆಳಗ್ಗೆ 9:30)

ಲೆಕ್ಕ ಸರಿಯಾಗಿದೆ. ಒಂದು ಸೇರಿಸುತ್ತೇನೆ. ಸೀಸ ಬೇರಿನಲ್ಲೇ ನಿಲ್ಲುತ್ತದೆ, ಗಿಡದ ಮೇಲಕ್ಕೆ ಅಷ್ಟಾಗಿ ಏರುವುದಿಲ್ಲ. ಕ್ಯಾಡ್ಮಿಯಂ ಎಲೆಗೆ ಏರುತ್ತದೆ, ಅದರಲ್ಲೂ ಪಾಲಕ್‌ನಂಥ ಸೊಪ್ಪು ಚೆನ್ನಾಗಿ ಎಳೆದುಕೊಳ್ಳುತ್ತದೆ. ತಿಂದವರ ಮೂತ್ರಪಿಂಡದಲ್ಲಿ ಅದು ದಶಕಗಳ ಕಾಲ ಉಳಿಯುತ್ತದೆ. ಜಪಾನಿನ ಜಿಂಜು ನದಿಯ ಗದ್ದೆಗಳಲ್ಲಿ ಗಣಿಯ ಕ್ಯಾಡ್ಮಿಯಂ ಅಕ್ಕಿಗೆ ಸೇರಿ, ಹೆಂಗಸರ ಮೂಳೆ ಮುರಿಯುವ ರೋಗ ಬಂದಿತ್ತು. ಅಯ್ಯೋ ಅಯ್ಯೋ ಅಂತ ನರಳುವುದೇ ಆ ರೋಗದ ಹೆಸರಾಯಿತು, ಇಟಾಯ್ ಇಟಾಯ್. ನಿಮ್ಮ ಹೊಲಕ್ಕೂ ಅದಕ್ಕೂ ಹೋಲಿಕೆ ಇಲ್ಲ, ಹೆದರಬೇಡಿ. ಆದರೆ ಆ ಅರ್ಧ ಎಕರೆ ಸೊಪ್ಪಿಗೆ ಕಪ್ಪು ಗೋಡು ಬೇಡವೇ ಬೇಡ.

ರಾಗಿಹೊಲ (ಮುಂದಿನ ಬುಧವಾರ, ಸಂಜೆ 6:05)

ರಿಪೋರ್ಟ್ ಬಂತು!

ಕಪ್ಪು ಪದರ: ಕ್ಯಾಡ್ಮಿಯಂ 3.1, ಸೀಸ 50, ಕ್ರೋಮಿಯಂ 121.
ಬೂದು ಪದರ: ಕ್ಯಾಡ್ಮಿಯಂ 0.9, ಸೀಸ 71, ಕ್ರೋಮಿಯಂ 115.
ಹಳದಿ ಜೇಡಿ: ಕ್ಯಾಡ್ಮಿಯಂ 0.2, ಸೀಸ 19, ಕ್ರೋಮಿಯಂ 119.

ಅಲ್ಯೂಮಿನಿಯಂ ಮೂರರಲ್ಲೂ ಹೆಚ್ಚುಕಡಿಮೆ ಒಂದೇ. ಮೇಡಂ ಹೇಳಿದ ಹಾಗೆ ಕ್ರೋಮಿಯಂ ಮೇಲೂ ಅಷ್ಟೇ, ಕೆಳಗೂ ಅಷ್ಟೇ. ಸಿಟಿ ಬರುವ ಮೊದಲೇ ಇತ್ತು. ಆದರೆ ಸೀಸ ಮಧ್ಯದಲ್ಲಿ ಜಾಸ್ತಿ, ಮೇಲೆ ಕಡಿಮೆ ಯಾಕೆ?

ಸೀಸದಕಡ್ಡಿ (ಬುಧವಾರ, ಸಂಜೆ 6:30)

ಪ್ಯಾಕೆಟ್ ಇದ್ದದ್ದು ಬೂದು ಪದರದ ಶುರುವಿನಲ್ಲಿ, 2006. ಅದರ ಕೆಳಗಿನದು ಅದಕ್ಕೂ ಹಳೆಯದು. ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಪೂರ್ತಿ ನಿಂತದ್ದು 2000ದ ಫೆಬ್ರವರಿಯಲ್ಲಿ. ಅದಕ್ಕೆ ಮುಂಚೆ ಬೆಂಗಳೂರಿನ ಪ್ರತಿ ಸ್ಕೂಟರಿನ ಹೊಗೆಯಲ್ಲೂ ಸೀಸ ಇತ್ತು. ರಸ್ತೆ ಧೂಳು ಮಳೆಗೆ ಚರಂಡಿ ಸೇರಿ ಕೆರೆಗೆ ಬಂದಿರುತ್ತದೆ. ಒಂದೇ ಗುಂಡಿ, ಮೂರೇ ಮಾದರಿ, ಹಾಗಾಗಿ ಆಣೆ ಮಾಡಿ ಹೇಳಲಾರೆ. ಬ್ಯಾಟರಿ, ಬಣ್ಣದ್ದೂ ಇರಬಹುದು. ಆದರೆ ನನ್ನ ಅಪ್ಪನ ಲ್ಯಾಂಬ್ರೆಟಾ ಸ್ಕೂಟರಿನ ಹೊಗೆ ಆ ಬೂದು ಪದರದಲ್ಲಿ ಎಲ್ಲೋ ಇದೆ ಅಂತ ನನಗೆ ಅನ್ನಿಸುತ್ತಿದೆ.

ಕಡಲಕರೆ (ಬುಧವಾರ, ಸಂಜೆ 6:48)

ಆ ಹಳದಿ ಜೇಡಿ ಒಂದೆರಡು ಲೋಡು ಘಟ್ಟದ ಕೆಳಗೆ ಕಳಿಸಿ ಮಾರಾಯ್ರೆ, ಮಲ್ಲಿಗೆ ಗಿಡಕ್ಕೆ.

ರಾಗಿಹೊಲ (ಬುಧವಾರ, ರಾತ್ರಿ 9:10)

ಸಾಲಾಗಿ ನಿಲ್ಲಬೇಕು ಅಣ್ಣ. ಕಂಟ್ರಾಕ್ಟರ್ ಹತ್ತಿರ ಮಾತಾಡಿದೆ. ಪದರ ಪದರ ಬೇರೆ ಮಾಡಿ ಕೊಡಲು ಇದೇನು ಮೈಸೂರುಪಾಕ್ ಅಂಗಡಿಯಾ ಅಂದ. ನಾನು ಸುಮ್ಮನೆ ವಾಪಸ್ ಬಂದೆ.

ಅಪ್ಪ ಸುಮ್ಮನೆ ಬರಲಿಲ್ಲ. ಹಿಟಾಚಿ ಓಡಿಸುವ ಹುಡುಗನ ಊರು ಯಾವುದು, ಮನೆಯವರು ಯಾರು ಅಂತ ಕೇಳಿ, ಟೀ ಕುಡಿಸಿ, ಮಾತಿಗೆ ಕೂತರು. ಕಪ್ಪು ಎತ್ತಿ ಟಿಪ್ಪರ್‌ಗೆ ಹಾಕಿದ ಮೇಲೆ ಹೇಗೂ ಕೆಳಗಿನದು ಬೇರೆಯಾಗಿ ಉಳಿಯುತ್ತದೆ, ಅದನ್ನು ಕೊನೆಯ ಎರಡು ಗಂಟೆ ನಮ್ಮ ಟ್ರ್ಯಾಕ್ಟರ್‌ಗೆ ಹಾಕುತ್ತೇನೆ ಅಂತ ಅವನೇ ಒಪ್ಪಿದ. ಕಪ್ಪಿನಷ್ಟು ಸತ್ವ ಇದರಲ್ಲಿ ಇರಲ್ಲ, ಕೊಟ್ಟಿಗೆ ಗೊಬ್ಬರ ಬೆರೆಸಬೇಕಾಗುತ್ತದೆ ಅಂತ ಅಪ್ಪನೇ ಹೇಳಿದರು. ಸೊಪ್ಪಿನ ಅರ್ಧ ಎಕರೆಗೆ ಯಾವ ಗೋಡೂ ಇಲ್ಲ. ಮಾದರಿಗೆ ತಂದ ಮೊದಲ ಲೋಡನ್ನು ಬೋರ್‌ವೆಲ್‌ನಿಂದ ದೂರದ ಬದುವಿನ ಸಿಲ್ವರ್ ಓಕ್ ಮರಗಳ ಬುಡಕ್ಕೆ ಹಾಕಿದ್ದೇವೆ.

ಇವತ್ತು ಹನ್ನೊಂದು ಲೋಡು ಬಂತು. ಅಪ್ಪ ಪ್ರತಿ ಲೋಡಿನಿಂದ ಒಂದು ಉಂಡೆ ಮಾಡಿ ಜಗಲಿ ಮೇಲೆ ಸಾಲಾಗಿ ಇಟ್ಟಿದ್ದಾರೆ. ಹನ್ನೊಂದರಲ್ಲಿ ಎರಡು ಕಪ್ಪಗಿವೆ. ನಾಳೆ ಆ ಹುಡುಗನ ಜೊತೆ ಮತ್ತೆ ಟೀ ಇದೆ.